ಗಾಳಿಯ ಲೆಕ್ಕ ಬರೆಯುವ ಕಲ್ಲುಹೂವು



ನಿಮ್ಮ ಮನೆಯ ಮಸಾಲೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಚಕ್ಕೆ, ಲವಂಗ, ಮರಾಠಿ ಮೊಗ್ಗಿನ ಜೊತೆಗೆ ಒಣಗಿ ಸುರುಟಿಕೊಂಡ ಒಂದು ಚೂರು ಸಿಗುತ್ತದೆ. ಅದರ ಒಂದು ಮೈ ಬೂದಿ ಬಣ್ಣ, ಇನ್ನೊಂದು ಮೈ ಕಪ್ಪು. ನಾವು ಅದನ್ನು ಕಲ್ಲುಹೂವು ಎನ್ನುತ್ತೇವೆ. ನಮ್ಮ ಹೊಸೂರಿನ ಅಂಗಡಿಯಲ್ಲಿ ಕಲ್ಪಾಸಿ ಎಂದು ಕೇಳಿದರೆ ಕೊಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಬಂಧುಗಳು ದಗಡಫೂಲ್ ಎನ್ನುತ್ತಾರೆ. ತೆಲುಗು ಸೀಮೆಯವರಿಗೆ ಅದು ರಾತಿ ಪುವ್ವು. ಹೆಸರು ಹಲವು. ಆದರೆ ಅದು ಕಲ್ಲೂ ಅಲ್ಲ, ಹೂವೂ ಅಲ್ಲ. ಈ ದಿನ ನಾನು ನಿಮಗೆ ಹೇಳಬೇಕೆಂದಿರುವುದು ಅದರ ರುಚಿಯ ವಿಷಯವಲ್ಲ, ಅದು ನಮ್ಮ ಊರಿನ ಗಾಳಿಯ ಲೆಕ್ಕವನ್ನು ಹೇಗೆ ಇಟ್ಟುಕೊಂಡಿರುತ್ತದೆ ಎಂಬ ವಿಷಯ.

ನಾನು ವಿಜ್ಞಾನಿಯಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಲೆಡ್ಜರ್ ಬರೆದು ಬರೆದು ನಿವೃತ್ತನಾದವನು. ಈ ವಿಷಯಕ್ಕೆ ನಾನು ಬಂದದ್ದು ಮಾವಿನಕಾಯಿಯ ದಾರಿಯಲ್ಲಿ.

ಆರು ಬೇಸಿಗೆಗಳ ಹಿಂದಿನ ಮಾತು. ನಮ್ಮ ಊರಿನ ಪಕ್ಕದಲ್ಲಿ ಒಂದು ಇಟ್ಟಿಗೆ ಗೂಡು ಇದೆ. ಅದರ ಸಮೀಪದ ತೋಟಗಳಲ್ಲಿ ಆ ವರ್ಷ ಮಾವಿನಕಾಯಿಯ ತುದಿ ಕಪ್ಪಾಗಿ ಕಾಯಿ ಉದುರತೊಡಗಿತು. ತೋಟದವರು ಗೂಡಿನ ಹೊಗೆಯನ್ನು ದೂರಿದರು. ಗೂಡಿನಲ್ಲಿ ದುಡಿಯುವ ಮನೆಗಳವರು, "ನಮ್ಮ ಹೊಟ್ಟೆಯ ಮೇಲೆ ಹೊಡೆಯಬೇಡಿ" ಎಂದರು. ಎರಡೂ ಕಡೆಯವರು ಒಂದೇ ಬಾವಿಯ ನೀರು ಕುಡಿದವರು, ಒಬ್ಬರ ಮದುವೆಗೆ ಇನ್ನೊಬ್ಬರು ಚಪ್ಪರ ಹಾಕಿದವರು. ಆ ವರ್ಷ ಊರಹಬ್ಬದಲ್ಲಿ ಎರಡು ಪಂಕ್ತಿಯಾಯಿತು. ಕೊನೆಗೆ ಅರ್ಜಿ ಹೋಯಿತು, ಅಧಿಕಾರಿಗಳು ಯಂತ್ರ ತಂದರು. ಆದರೆ ಅವರು ಬಂದ ಹಿಂದಿನ ರಾತ್ರಿ ಒಳ್ಳೆಯ ಮಳೆಯಾಗಿತ್ತು, ಗೂಡು ಆರಿತ್ತು. ಯಂತ್ರ "ಗಾಳಿ ಚೆನ್ನಾಗಿದೆ" ಎಂದಿತು. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ದಿನದ ಗಾಳಿ ನಿಜವಾಗಿಯೂ ಚೆನ್ನಾಗಿತ್ತು.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬನ ಖಾತೆಯಲ್ಲಿ ಇವತ್ತು ಎಷ್ಟು ಬಾಕಿ ಇದೆ ಎಂದು ನೋಡಿದರೆ ಅವನ ಸಂಸಾರ ತಿಳಿಯುವುದಿಲ್ಲ. ವರ್ಷಪೂರ್ತಿ ಏನು ಜಮಾ ಆಯಿತು, ಏನು ಖರ್ಚಾಯಿತು ಎಂಬ ಲೆಡ್ಜರ್ ಹಾಳೆ ಬೇಕು. ಗಾಳಿಗೆ ಅಂಥ ಲೆಡ್ಜರ್ ಎಲ್ಲಿದೆ? ನಗರಗಳಲ್ಲಾದರೆ ಹಗಲು ರಾತ್ರಿ ಅಳೆಯುವ ಯಂತ್ರಗಳಿವೆ. ನಮ್ಮಂಥ ಗಡಿ ಹಳ್ಳಿಗಳಲ್ಲಿ ಅವು ಅಪರೂಪ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಮ್ಮ ನೆಂಟರೊಬ್ಬರ ಮುಂದೆ ಈ ಪ್ರಶ್ನೆ ಇಟ್ಟೆ. ಅವರು ನನ್ನನ್ನು ರಸ್ತೆಬದಿಯ ಹುಣಸೆಮರದ ಹತ್ತಿರ ಕರೆದುಕೊಂಡು ಹೋಗಿ, ತೊಗಟೆಯ ಮೇಲಿನ ಬೂದಿ ಬಣ್ಣದ ಮಚ್ಚೆ ತೋರಿಸಿ, "ಇಗೋ ನಿಮ್ಮ ಲೆಡ್ಜರ್" ಎಂದರು.

ಕಲ್ಲುಹೂವು ಒಂದು ಜೀವವಲ್ಲ, ಕೂಡುಬಾಳ್ವೆ. ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು, ಮನೆ ಕಟ್ಟುತ್ತದೆ. ಅದರೊಳಗೆ ಹಸಿರು ಪಾಚಿ ಸೇರಿಕೊಂಡು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಶಾಸ್ತ್ರದ ಪ್ರಕಾರ ಇದನ್ನು ಪೂರ್ತಿ ಸಸ್ಯವೆಂದು ಹೇಳುವಂತಿಲ್ಲ, ಆದರೂ ನೋಡುವವರ ಕಣ್ಣಿಗೆ ಗಿಡದ ಹಾಗೆಯೇ.

ಮಾವಿಗೆ, ಬೇವಿಗೆ ಬೇರು ಇದೆ. ಎಲೆಯ ಮೇಲೆ ಮೇಣದಂಥ ಹೊದಿಕೆ ಇದೆ. ಗಾಳಿ ಒಳಗೆ ಹೋಗಲು ಪತ್ರರಂಧ್ರಗಳೆಂಬ ಕಿಟಕಿಗಳಿವೆ, ಬೇಡವಾದಾಗ ಅವನ್ನು ಮುಚ್ಚಿಕೊಳ್ಳಬಹುದು. ಕಲ್ಲುಹೂವಿಗೆ ಇದಾವುದೂ ಇಲ್ಲ. ಬೇರಿಲ್ಲದ್ದರಿಂದ ಅದರ ಊಟವೆಲ್ಲ ಮಳೆ, ಮಂಜು, ಧೂಳಿನಿಂದಲೇ. ಹೊದಿಕೆಯಿಲ್ಲದ್ದರಿಂದ ಮೈಯೆಲ್ಲ ಬಾಯಿ. ಗಾಳಿ ತಂದುಕೊಟ್ಟದ್ದನ್ನು ಒಳ್ಳೆಯದು ಕೆಟ್ಟದ್ದು ಎನ್ನದೆ ಹೀರುತ್ತದೆ. ಎಲೆಯನ್ನಾದರೂ ಉದುರಿಸಿ ವಿಷ ಕಳೆದುಕೊಳ್ಳೋಣವೆಂದರೆ ಉದುರಿಸಲು ಎಲೆಯೂ ಇಲ್ಲ. ಬೆಳವಣಿಗೆ ಬಲು ನಿಧಾನ, ಅನೇಕ ಜಾತಿಗಳದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಆಯುಸ್ಸು ಹತ್ತಾರು ವರ್ಷ. ಹೀಗಾಗಿ ಗಾಳಿಯ ದೀರ್ಘಕಾಲದ ಲೆಕ್ಕ ಅದರ ಮೈಯಲ್ಲಿ ಉಳಿಯುತ್ತದೆ.

ಈ ಲೆಕ್ಕವನ್ನು ಓದುವ ಬಗೆ ಎರಡು. ಮೊದಲನೆಯದು, ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ನೋಡುವುದು. ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಡೈಆಕ್ಸೈಡ್ ಕಲ್ಲುಹೂವಿನೊಳಗಿನ ಪಾಚಿಯ ಪತ್ರಹರಿತ್ತನ್ನು ಕೆಡಿಸುತ್ತದೆ. ಅಡುಗೆಯವನು ಸತ್ತರೆ ಮನೆ ಕಟ್ಟಿದವನೂ ಉಪವಾಸ ಸಾಯುತ್ತಾನೆ. ಆದರೆ ಎಲ್ಲ ಜಾತಿಗಳೂ ಒಟ್ಟಿಗೆ ಸಾಯುವುದಿಲ್ಲ. ಗಡ್ಡದಂತೆ ಜೋತಾಡುವ ಜಾತಿಗಳು ಸಾಮಾನ್ಯವಾಗಿ ಮೊದಲು ಹೋಗುತ್ತವೆ. ಆಮೇಲೆ ಎಲೆಯಂತೆ ಹರಡಿದವು. ತೊಗಟೆಗೆ ಸುಣ್ಣ ಬಳಿದಂತೆ ಅಂಟಿಕೊಂಡಿರುವ ಜಾತಿಗಳು ಕೊನೆಯವರೆಗೆ ತಡೆದುಕೊಳ್ಳುತ್ತವೆ. ನೀಲಗಿರಿಯ ಬಂಧುಗಳೇ, ನಿಮ್ಮ ಶೋಲಾ ಕಾಡಿನ ಮರಗಳಲ್ಲಿ ಬಿಳಿ ಗಡ್ಡ ಜೋತಾಡುವುದನ್ನು ನೀವು ಕಂಡಿದ್ದೀರಿ. ಅದು ಅಲ್ಲಿನ ತೇವಕ್ಕೂ ಶುದ್ಧ ಗಾಳಿಗೂ ಸಾಕ್ಷಿ.

ಇದನ್ನು ಗುರುತಿಸಿದ್ದು ಇಂದು ನಿನ್ನೆಯಲ್ಲ. 1866ರಲ್ಲಿ ವಿಲಿಯಂ ನೈಲಾಂಡರ್ ಎಂಬ ಫಿನ್ಲೆಂಡಿನ ವಿದ್ವಾಂಸರು ಪ್ಯಾರಿಸ್ ನಗರದ ಲಕ್ಸೆಂಬರ್ಗ್ ಉದ್ಯಾನದಲ್ಲಿ ಬೆಳೆದಿದ್ದ ಕಲ್ಲುಹೂವುಗಳ ಬಗ್ಗೆ ಬರೆದು, ಇವು ಗಾಳಿಯ ಆರೋಗ್ಯದ ಅಳತೆಗೋಲು ಎಂದು ಹೇಳಿದರು. ಮೂವತ್ತು ವರ್ಷ ಕಳೆಯುವುದರೊಳಗೆ, ಕಲ್ಲಿದ್ದಲ ಹೊಗೆಯ ನಡುವೆ, ಅದೇ ಉದ್ಯಾನದಿಂದ ಅವು ಮಾಯವಾದವೆಂದು ಅವರೇ ಬರೆಯಬೇಕಾಯಿತು. 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ಇಬ್ಬರು ಇಂಗ್ಲೆಂಡ್ ಮತ್ತು ವೇಲ್ಸ್ ಸೀಮೆಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಮಾಪನ ಪಟ್ಟಿ ಮಾಡಿದರು. ಮರದ ಮೇಲೆ ಯಾವ ಯಾವ ಜಾತಿ ಇದೆ ಎಂದು ನೋಡಿದರೆ ಅಲ್ಲಿನ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಸುಮಾರು ಎಷ್ಟಿದೆ ಎಂದು ಯಂತ್ರವಿಲ್ಲದೆ ಅಂದಾಜು ಮಾಡಬಹುದಿತ್ತು.

ಎರಡನೆಯ ಬಗೆ, ಬದುಕಿರುವುದನ್ನೇ ತೆಗೆದುಕೊಂಡು ಪ್ರಯೋಗಾಲಯದಲ್ಲಿ ಅದರೊಳಗೆ ಏನು ಕೂಡಿದೆ ಎಂದು ನೋಡುವುದು. ಸೀಸ, ಕ್ಯಾಡ್ಮಿಯಂ, ಪಾದರಸದಂಥ ಲೋಹಗಳಿಗೆ ಇದು ಒಳ್ಳೆಯ ದಾರಿ. ಈ ಕೆಲಸಕ್ಕೆ ಕಲ್ಲುಹೂವಿನಂತೆಯೇ ಹಾವಸೆಯೂ ಆಗುತ್ತದೆ. ಮಳೆಗಾಲದಲ್ಲಿ ಗೋಡೆ, ಬಂಡೆ, ಮರದ ಬುಡದಲ್ಲಿ ಮಖಮಲ್ಲಿನಂತೆ ಹಬ್ಬುವ ಹಸಿರು ಅದು. ಅದಕ್ಕೂ ನಿಜವಾದ ಬೇರಿಲ್ಲ.

ಸ್ವೀಡನ್ ದೇಶದ ರೂಲಿಂಗ್ ಮತ್ತು ಟೈಲರ್ ಎಂಬ ವಿಜ್ಞಾನಿಗಳು 1968ರಲ್ಲಿ ಒಂದು ಸೊಗಸಾದ ಕೆಲಸ ಪ್ರಕಟಿಸಿದರು. ಅವರು ಸಸ್ಯ ಸಂಗ್ರಹಾಲಯದಲ್ಲಿ ಕಾಗದದ ನಡುವೆ ಒಣಗಿಸಿಟ್ಟಿದ್ದ, ನೂರು ವರ್ಷಗಳಿಂದ ಸಂಗ್ರಹವಾಗುತ್ತ ಬಂದಿದ್ದ ಹಾವಸೆಗಳಲ್ಲಿ ಸೀಸವೆಷ್ಟಿದೆ ಎಂದು ಅಳೆದರು. ಸೀಸ ಎರಡು ಬಾರಿ ಏರಿತ್ತು. ಒಮ್ಮೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕಲ್ಲಿದ್ದಲು ಹೆಚ್ಚಾದಾಗ. ಇನ್ನೊಮ್ಮೆ 1950ರ ನಂತರ, ಸೀಸ ಬೆರೆಸಿದ ಪೆಟ್ರೋಲಿನ ಮೋಟಾರುಗಳು ಹೆಚ್ಚಾದಾಗ. ಯಂತ್ರವೇ ಇಲ್ಲದ ಕಾಲದ ಗಾಳಿಯ ಲೆಕ್ಕ ಅಟ್ಟದ ಮೇಲಿನ ಹಳೆಯ ಪುಸ್ತಕದಂತೆ ಉಳಿದುಕೊಂಡಿತ್ತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ.

ನಮಗೆ ಹತ್ತಿರದ ಸಂಗತಿಯೂ ಒಂದಿದೆ. ತಮಿಳುನಾಡಿನ ಕೊಡೈಕನಾಲಿನಲ್ಲಿ ಜ್ವರ ನೋಡುವ ಥರ್ಮಾಮೀಟರ್ ಮಾಡುವ ಕಾರ್ಖಾನೆಯೊಂದಿತ್ತು. ಪಾದರಸದ ಗಾಜಿನ ಚೂರುಗಳನ್ನು ಗುಜರಿಗೆ ಹಾಕಿದ್ದು ಬಯಲಾಗಿ 2001ರಲ್ಲಿ ಅದು ಮುಚ್ಚಿತು. ಪಾದರಸ ಗಾಳಿಯಲ್ಲಿಯೂ ಹೋಗಿತ್ತೆ? ಹೈದರಾಬಾದಿನಲ್ಲಿರುವ ಪರಮಾಣು ಶಕ್ತಿ ಇಲಾಖೆಯ ಪ್ರಯೋಗಾಲಯದವರು ಮರಗಳ ಮೇಲಿನ ಕಲ್ಲುಹೂವನ್ನೂ ಹಾವಸೆಯನ್ನೂ ಕಿತ್ತು ಪರೀಕ್ಷಿಸಿದರು. ಕಾರ್ಖಾನೆಯಿಂದ 20 ಕಿಲೋಮೀಟರ್ ದೂರದ ಬೇರಿಜಂ ಕೆರೆಯ ಬಳಿಯದಕ್ಕೆ ಹೋಲಿಸಿದರೆ ಕೊಡೈಕನಾಲ್ ಕೆರೆಯ ಬಳಿಯದರಲ್ಲಿ ಪಾದರಸ ಸುಮಾರು 40 ಪಟ್ಟು ಇತ್ತು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಆವಿಗೆ ಮರದ ಮೇಲಿನ ಈ ಪುಟ್ಟ ಜೀವ ಸಾಕ್ಷಿ ಹೇಳಿತು.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿಯೂ ಹೀಗೆಯೇ ಆಯಿತು. ಅಲ್ಲಿನ ಗಾಳಿಯಲ್ಲಿ ಕ್ಯಾಡ್ಮಿಯಂ ಇದೆ ಎಂದು ಯಂತ್ರ ಹೇಳುತ್ತಿತ್ತು, ಎಲ್ಲಿಂದ ಬರುತ್ತಿದೆ ಎಂದು ಹೇಳುತ್ತಿರಲಿಲ್ಲ. 2013ರಲ್ಲಿ ಅರಣ್ಯ ಇಲಾಖೆಯವರು ಊರಿನ ಮರಗಳಿಂದ 346 ಕಡೆ ಹಾವಸೆ ತೆಗೆದು ನಕ್ಷೆ ಮಾಡಿದರು. ಬಣ್ಣದ ಗಾಜು ತಯಾರಿಸುವ ಎರಡು ಕಾರ್ಖಾನೆಗಳ ಸುತ್ತ ಕ್ಯಾಡ್ಮಿಯಂ ಗುಡ್ಡೆಯಾಗಿತ್ತು. ಆಮೇಲೆ ಅಲ್ಲಿ ಯಂತ್ರ ಇಟ್ಟು ಅಳೆದಾಗ ಮಾತು ಖಚಿತವಾಯಿತು. ಇದನ್ನು ಗಮನಿಸಿ: ಹಾವಸೆ ಯಂತ್ರದ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ಯಂತ್ರವನ್ನು ಎಲ್ಲಿ ಇಡಬೇಕೆಂದು ತೋರಿಸಿತು.

ನಮ್ಮ ದೇಶದಲ್ಲಿ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಈ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತ ಬಂದಿದ್ದಾರೆ. ಬೆಂಗಳೂರಿನ, ವಿಶೇಷವಾಗಿ ಲಾಲ್‌ಬಾಗಿನ, ಕಲ್ಲುಹೂವುಗಳು ಎಲ್ಲೆಲ್ಲಿ ಬೆಳೆದಿವೆ, ಅವುಗಳಲ್ಲಿ ಯಾವ ಲೋಹ ಎಷ್ಟಿದೆ ಎಂಬ ಅಧ್ಯಯನ 2003ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದನ್ನು ಮಾಡಿದವರಲ್ಲಿ ಲಖನೌದ ಉಪ್ರೇತಿ ಅವರೂ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೂ ಇದ್ದರು.

ಇನ್ನು ನಮ್ಮ ಊರಿನ ಹುಣಸೆ ಸಾಲಿಗೆ ಬರೋಣ. ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಗೂಡಿನ ಹತ್ತಿರದ ಎಳೆಯ ಬೇವಿನ ಮೇಲೆ ಏನೂ ಇಲ್ಲ, ದೇವಸ್ಥಾನದ ತೋಪಿನ ಹಳೆಯ ಮಾವಿನ ಮೇಲೆ ತುಂಬಾ ಇದೆ ಎಂದು ಬರೆದುಕೊಂಡು ಹೋಗಿ ಮೇಷ್ಟರ ಮುಂದೆ ಹಿಡಿದೆ. ಅವರು ನಕ್ಕು, "ಮಾಮ, ಉಳಿತಾಯ ಖಾತೆಯನ್ನೂ ಸಾಲದ ಖಾತೆಯನ್ನೂ ಕೂಡಿಸಿಬಿಟ್ಟಿರಲ್ಲ" ಎಂದರು. ತೊಗಟೆಯ ಗುಣ ಮರದಿಂದ ಮರಕ್ಕೆ ಬೇರೆ, ವಯಸ್ಸಿನಿಂದ ವಯಸ್ಸಿಗೆ ಬೇರೆ. ನೆರಳು, ತೇವವೂ ಲೆಕ್ಕಕ್ಕೆ ಬರುತ್ತವೆ. ಕಲ್ಲುಹೂವು ಇಲ್ಲ ಎಂದ ಮಾತ್ರಕ್ಕೆ ಗಾಳಿ ಕೆಟ್ಟಿದೆ ಎಂದು ಹೇಳುವಂತಿಲ್ಲ. ಒಣ ಸೀಮೆಯಲ್ಲಿ ಅದು ಸಹಜವಾಗಿಯೇ ಕಡಿಮೆ. ದನದ ಕೊಟ್ಟಿಗೆ, ಗೊಬ್ಬರದ ಅಮೋನಿಯ ಇರುವ ಕಡೆ ಕೆಲವು ಜಾತಿಗಳು ಹೆಚ್ಚುತ್ತವೆ. ಆದ್ದರಿಂದ ಹೆಚ್ಚು ಇದೆ ಎಂದಾಗಲೂ ಯಾವುದು ಹೆಚ್ಚು ಎಂದು ಕೇಳಬೇಕು.

ಸರಿಯಾದ ಕ್ರಮ ಹೀಗಿದೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದೇ ಜಾತಿಯ, ಸುಮಾರು ಒಂದೇ ದಪ್ಪದ, ನೆಟ್ಟಗಿರುವ ಮರಗಳನ್ನು ಆರಿಸಿ. ಅವು ಹೊಗೆಯ ಮೂಲದ ಹತ್ತಿರದಿಂದ ದೂರದವರೆಗೆ ಸಾಲಾಗಿ ಸಿಗಬೇಕು. ಸುಣ್ಣ ಬಳಿದ ಮರ ಬೇಡ. ಹತ್ತು ಸೆಂಟಿಮೀಟರ್ ಚೌಕಗಳು ಐದನ್ನು ಒಂದರ ಮೇಲೊಂದು ಬರುವಂತೆ ತಂತಿಯಲ್ಲಿ ಏಣಿಯ ಹಾಗೆ ಮಾಡಿಕೊಳ್ಳಿ. ನೆಲದಿಂದ ಒಂದು ಮೀಟರ್ ಮೇಲೆ ಅದನ್ನು ಮರಕ್ಕೆ ಹಿಡಿದು, ನಾಲ್ಕೂ ದಿಕ್ಕಿನಲ್ಲಿ, ಐದು ಚೌಕಗಳ ಪೈಕಿ ಎಷ್ಟರಲ್ಲಿ ಸುಣ್ಣದಂಥದು, ಎಷ್ಟರಲ್ಲಿ ಎಲೆಯಂಥದು, ಎಷ್ಟರಲ್ಲಿ ಗಡ್ಡದಂಥದು ಇದೆ ಎಂದು ಎಣಿಸಿ. ಜಾತಿಯ ಹೆಸರು ಗೊತ್ತಿಲ್ಲದಿದ್ದರೂ ಈ ಮೂರು ಬಗೆ ಕಣ್ಣಿಗೆ ತಿಳಿಯುತ್ತದೆ. ಕೀಳಬೇಡಿ. ಕಿತ್ತರೆ ನಿಮ್ಮ ಲೆಡ್ಜರಿನ ಹಾಳೆ ನೀವೇ ಹರಿದಂತೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಮರ, ಅದೇ ಎತ್ತರ. ತಾರೀಖು ಹಾಕಿ ಇಬ್ಬರು ರುಜು ಮಾಡಿ. ಗೂಡು ಉರಿಯುವ ತಿಂಗಳುಗಳಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತದೆ ಎಂಬುದನ್ನೂ ಬರೆಯಿರಿ.

ಕಲ್ಲುಹೂವೇ ಬೆಳೆಯದ ಒಣ ಊರಿನವರು ನಿರಾಶರಾಗಬೇಕಾಗಿಲ್ಲ. ವೇಲ್ಸ್ ದೇಶದ ಸ್ವಾನ್ಸಿ ಕಣಿವೆಯಲ್ಲಿ, ಲೋಹ ಕರಗಿಸುವ ಕುಲುಮೆಗಳ ಸೀಮೆಯಲ್ಲಿ, ಹಾವಸೆ ಉಳಿದಿರಲಿಲ್ಲ. 1971ರಲ್ಲಿ ವಿಜ್ಞಾನಿಗಳು ಶುದ್ಧ ಜಾಗದ ಹಾವಸೆಯನ್ನು ಬಲೆಯ ಚೀಲಗಳಲ್ಲಿ ತುಂಬಿ ಅಲ್ಲಿ ತೂಗುಹಾಕಿ, ಕೆಲವು ವಾರಗಳ ನಂತರ ತೆಗೆದು ಲೋಹ ಅಳೆದ ವಿಧಾನವನ್ನು ಪ್ರಕಟಿಸಿದರು. ಜತ್ತದಲ್ಲಾಗಲಿ ಆದೋನಿಯಲ್ಲಾಗಲಿ ಹತ್ತಿರದ ಕಾಲೇಜಿನವರ ಸಹಾಯ ಸಿಕ್ಕರೆ ಇದನ್ನು ಮಾಡಿ ನೋಡಬಹುದು.

ಬೆಳೆಯೂ ಮಾತಾಡುತ್ತದೆ. ಮಾವಿನಕಾಯಿಯ ತುದಿ ಕಪ್ಪಾಗುವ ರೋಗ ಉತ್ತರ ಹಿಂದೂಸ್ತಾನದ ತೋಟಗಳಲ್ಲಿ ಹಳೆಯದು. ಇಟ್ಟಿಗೆ ಗೂಡಿನ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್, ಎಥಿಲೀನ್, ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ಕಾರಣವೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಹಾಗೆಂದು ಕಪ್ಪಾದ ಕಾಯಿಯೆಲ್ಲ ಹೊಗೆಯಿಂದಲೇ ಅಲ್ಲ, ಚುಕ್ಕೆ ರೋಗದಿಂದಲೂ ಕಪ್ಪಾಗುತ್ತದೆ. ಕಾಯಿಯನ್ನು ತಿಳಿದವರಿಗೆ ತೋರಿಸಿಯೇ ಮುಂದಿನ ಮಾತು.

ಎರಡನೆಯ ವರ್ಷದಿಂದ ನಾವು ಹುಣಸೆ ಸಾಲನ್ನೇ ಹಿಡಿದೆವು. ಎಣಿಸಲು ತೋಟದ ಕಡೆಯಿಂದ ಒಬ್ಬರು, ಗೂಡಿನ ಕಡೆಯಿಂದ ಒಬ್ಬರು ಬರಬೇಕೆಂದು ನಾನು ಹಟ ಹಿಡಿದೆ. ಒಂದೇ ಕಡೆಯವರು ಬರೆದ ಲೆಕ್ಕಕ್ಕೆ ಬೆಲೆಯಿಲ್ಲ ಎಂಬುದು ನನ್ನ ನೌಕರಿ ಕಲಿಸಿದ ಪಾಠ. ಗೂಡಿನ ಮೇಸ್ತ್ರಿಯೇ ಬಂದರು. ಗೂಡಿನ ಹತ್ತಿರದ ಮರಗಳಲ್ಲಿ ಬರೀ ಸುಣ್ಣದಂಥ ಮಚ್ಚೆ. ದೂರ ಹೋದಂತೆ ಎಲೆಯಂಥದು ಒಂದೊಂದಾಗಿ ಕಾಣಿಸಿ, ಕೆರೆ ಏರಿಯ ಬಳಿ ಕೈ ಅಗಲದ ಹಾಳೆಗಳು. ಮೇಸ್ತ್ರಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸ್ವಾಮಿ, ಈ ಮೊದಲ ಮರದ ಪಕ್ಕದಲ್ಲೇ ನಮ್ಮ ಗುಡಿಸಲು. ನನ್ನ ಮಗು ಇಲ್ಲೇ ತೊಟ್ಟಿಲಲ್ಲಿ ಮಲಗೋದು" ಎಂದರು. ಆವತ್ತಿನಿಂದ ತೋಟದವರು, ಗೂಡಿನವರು ಎಂಬ ಎರಡು ಪಂಗಡದ ಮಾತು ಕಡಿಮೆಯಾಯಿತು. ಹೊಗೆ ಮೊದಲು ಹೋಗುವುದು ಯಾರ ಎದೆಗೆ ಎಂಬುದು ಎಲ್ಲರಿಗೂ ಕಂಡಿತ್ತು.

ಕಾನೂನಿನ ವಿಷಯವೂ ನಿಮಗೆ ತಿಳಿದಿರಲಿ. 2022ರ ಫೆಬ್ರವರಿಯಲ್ಲಿ ಕೇಂದ್ರ ಪರಿಸರ ಮಂತ್ರಾಲಯ ಇಟ್ಟಿಗೆ ಗೂಡುಗಳ ಬಗ್ಗೆ ಹೊಸ ನಿಯಮ ತಂದಿತು. ಹೊಸ ಗೂಡು ವಸತಿಯಿಂದಲೂ ಹಣ್ಣಿನ ತೋಟದಿಂದಲೂ ಕನಿಷ್ಠ 800 ಮೀಟರ್ ದೂರ ಇರಬೇಕು. ಹಳೆಯವು ಇಟ್ಟಿಗೆಯನ್ನು ಅಂಕುಡೊಂಕಾಗಿ ಜೋಡಿಸಿ ಸುಡುವ ಜಿಗ್‌ಜ್ಯಾಗ್ ಪದ್ಧತಿಗೋ ಅಂಥ ಇತರ ಪದ್ಧತಿಗೋ ಬದಲಾಗಬೇಕು. ಜಿಗ್‌ಜ್ಯಾಗ್‌ನಲ್ಲಿ ಗಾಳಿ ಸುತ್ತಿಕೊಂಡು ಹೋಗುವುದರಿಂದ ಕಲ್ಲಿದ್ದಲು ಚೆನ್ನಾಗಿ ಉರಿದು ಕಡಿಮೆ ಸಾಕಾಗುತ್ತದೆ, ಕರಿ ಹೊಗೆ ತಗ್ಗುತ್ತದೆ. ಇದನ್ನು ಮಾಲೀಕರಿಗೆ ಹೇಳಿದವರು ಮೇಸ್ತ್ರಿಯೇ. ಕಲ್ಲಿದ್ದಲ ಖರ್ಚು ಉಳಿಯುತ್ತದೆ ಎಂಬ ಮಾತು ಕೆಲಸ ಮಾಡಿತೋ, ನಿಯಮದ ಹೆದರಿಕೆ ಮಾಡಿತೋ, ಗೂಡು ಬದಲಾಯಿತು. ಯಾರ ಕೂಲಿಯೂ ಹೋಗಲಿಲ್ಲ.

ಕಳೆದ ಸಲ ಎಣಿಸುವಾಗ ನನ್ನ ಮೊಮ್ಮಗಳು ಜೊತೆಗಿದ್ದಳು. ಗೂಡಿನ ಕಡೆಯಿಂದ ಐದನೆಯ ಮರದಲ್ಲಿ, "ತಾತ, ಇಲ್ಲಿ ನೋಡು" ಎಂದು ಕೂಗಿದಳು. ಕಡಲೆಕಾಳಿನಷ್ಟು ಅಗಲದ, ಅಂಚು ಎದ್ದ, ಎಲೆಯಂಥ ಒಂದು ಕಲ್ಲುಹೂವು. ಹಿಂದಿನ ಪುಸ್ತಕ ತೆಗೆದು ನೋಡಿದೆವು. ಆ ಚೌಕದಲ್ಲಿ ಸೊನ್ನೆ ಇತ್ತು. ಸೊನ್ನೆಯ ಕೆಳಗೆ ಒಂದು ಎಂದು ಬರೆದು, ಅವಳು ರುಜು ಮಾಡಿದಳು. ಅದು ಜಿಗ್‌ಜ್ಯಾಗ್‌ನಿಂದ ಬಂತೋ ಒಳ್ಳೆಯ ಮಳೆಯಿಂದ ಬಂತೋ ಎಂದು ಒಂದು ಕಾಳಿನ ಮೇಲೆ ತೀರ್ಪು ಹೇಳಲಾರೆ. ಇನ್ನೂ ನಾಲ್ಕು ವರ್ಷ ಎಣಿಸಬೇಕು. ಆದರೆ ಪ್ಯಾರಿಸ್ಸಿನ ಆ ಉದ್ಯಾನಕ್ಕೆ, ನೂರು ವರ್ಷಗಳ ನಂತರ ಕಲ್ಲಿದ್ದಲ ಹೊಗೆ ಇಳಿದ ಮೇಲೆ, ಕಲ್ಲುಹೂವುಗಳು ಮತ್ತೆ ಬಂದವೆಂದು ಓದಿದ್ದೇನೆ. ಹೋದದ್ದು ಹಿಂತಿರುಗುವುದುಂಟು.

ಬಂಧುಗಳೇ, ನಮ್ಮ ಊರುಗಳು ಎರಡು ರಾಜ್ಯದ ಅಂಚಿನಲ್ಲಿವೆ. ಅರ್ಜಿ ಒಂದು ಭಾಷೆಯಲ್ಲಿ, ಅಳಲು ಇನ್ನೊಂದು ಭಾಷೆಯಲ್ಲಿ. ಹೊಗೆಗೆ ಗಡಿ ಕಲ್ಲಿನ ಗುರುತಿಲ್ಲ, ಕಲ್ಲುಹೂವಿಗೂ ಇಲ್ಲ. ನಾಳೆ ಬೆಳಗ್ಗೆ ಹೊಲಕ್ಕೆ ಹೋಗುವಾಗ ದಾರಿಯ ಮರದ ಬಳಿ ಒಂದು ನಿಮಿಷ ನಿಂತು ತೊಗಟೆಯನ್ನು ನೋಡಿ. ಅಲ್ಲಿ ಏನಿದೆ ಎಂದು ತಾರೀಖು ಹಾಕಿ ಒಂದು ಸಾಲು ಬರೆದಿಡಿ. ಜಗಳ ಬರುವ ಮೊದಲೇ ಲೆಕ್ಕ ಶುರುವಾಗಿದ್ದರೆ ಒಳ್ಳೆಯದು.